ಕಾವಲುಗಾರನ ಅಧಿಕಾರವೂ ಅದರ ಮೇರೆಯೂ

ಬಾದಾಮಿಗೆ ಸಮೀಪದಲ್ಲಿ, ಚೊಳಚಗುಡ್ಡದ ಬಳಿಯಲ್ಲಿರುವ ಶ್ರೀ ಬನಶಂಕರಿಯ ಕ್ಷೇತ್ರವು ವಾಚಕರಿಗೆ ಸುಪರಿಚಿತವಾದುದು. ಪುಷ್ಯಮಾಸದ ಹುಣ್ಣಿಮೆಗೆ, ಎಂದರೆ ಜನರು ಬನದ ಹುಣ್ಣಿಮೆಯೆಂದು ಕರೆಯುವ ದಿನಕ್ಕೆ, ಅಲ್ಲಿ ರಥೋತ್ಸವವಾಗುತ್ತದೆ. ಆ ನಿಮಿತ್ತದಿಂದ ಹರಿದ್ರಾತೀರ್ಥದ ಸುತ್ತುಮುತ್ತ ಕೆಲವು ವಾರಗಳ ಮಟ್ಟಿಗೆ ಒಂದು ಪಟ್ಟಣವೇ ಹುಟ್ಟಿಕೊಳ್ಳುವುದು. ಬಾಗಿಲು ಚೌಕಟ್ಟುಗಳ ಸಾಲು, ತಾಮ್ರ ಹಿತ್ತಾಳೆಗಳ ಅಂಗಡಿಗಳು, ನಾಟಕ ಕಂಪನಿಗಳ ಡೇರೆಗಳು ಇವೆಲ್ಲವೂ ಬಯಲಿನಲ್ಲಿಯೇ ರಾತ್ರಿ ಕಳೆಯಬೇಕಾದುದರಿಂದ ಕಾವಲಿಲ್ಲದೆ ಸಾಗದು. ಪೂರ್ವದಲ್ಲಿ ಆ ಕಾವಲನ್ನು ಸುತ್ತಲಿನ ಊರುಗಳ ತಳವಾರರು ನೋಡಿಕೊಳ್ಳುತ್ತಿದ್ದರು. ಈಗ ಪೊಲೀಸರ ಜೊತೆಗೆ, ವ್ಯಾಪಾರಿಗಳು ಸಂಬಳ ಕೊಟ್ಟು ಇಟ್ಟುಕೊಂಡ ಖಾಸಗಿ ಕಾವಲುಗಾರರೂ ಕಾಣಸಿಗುತ್ತಾರೆ.

ಕಳೆದ ಸಾಲಿನ ಜಾತ್ರೆಯಲ್ಲಿ ನಾನು ಕಂಡ ಒಂದು ಸಂಗತಿಯು ಈ ಲೇಖನಕ್ಕೆ ಕಾರಣವಾಯಿತು. ಪಾತ್ರೆಯ ಅಂಗಡಿಯೊಂದರಲ್ಲಿ ಒಂದು ತಾಮ್ರದ ಕೊಡವು ಕಾಣದಾಯಿತೆಂದು, ಆ ದಾರಿಯಲ್ಲಿ ಹೋಗುತ್ತಿದ್ದ ಇಪ್ಪತ್ತರ ವಯಸ್ಸಿನ ತರುಣನೊಬ್ಬನನ್ನು ಕಾವಲುಗಾರನು ಹಿಡಿದು, ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನವರೆಗೂ ಡೇರೆಯ ಹಿಂಬದಿಯಲ್ಲಿ ಕೂಡಿಸಿದ್ದನು. ಕೊಡವು ತರುಣನ ಬಳಿಯಲ್ಲಿರಲಿಲ್ಲ. ಅವನು ಕದ್ದುದನ್ನು ಕಂಡವರೂ ಇರಲಿಲ್ಲ. ನನ್ನ ಜೊತೆಯಲ್ಲಿದ್ದ ಅಧ್ಯಾಪಕ ಮಿತ್ರರು, ಹೀಗೆ ಕೂಡಿಸಲು ಇವನಿಗೆ ಅಧಿಕಾರವುಂಟೆ ಎಂದು ಕೇಳಿದರು. ಪಕ್ಕದಲ್ಲಿ ನಿಂತಿದ್ದ ವೃದ್ಧರೊಬ್ಬರು ಅದಕ್ಕೆ, "ತಳವಾರ ಇದ್ದಾಗ ಇಷ್ಟು ಹೊತ್ತು ಹಿಡೀತಿರಲಿಲ್ರೀ ಮಾಸ್ತರ. ಕಂಬಕ್ಕ ಕಟ್ಟಿದ್ರ ತಾನ ಹೇಳ್ತಿದ್ದ" ಎಂದು ಉತ್ತರ ಕೊಟ್ಟರು.

ಆ ವೃದ್ಧರ ಮಾತಿನ ಹಿಂದೆ ಇರುವ ನಂಬಿಕೆಯು ವಿದ್ಯಾವಂತರಲ್ಲಿಯೂ ಉಂಟು. ಹಿಂದಿನ ಕಾಲದಲ್ಲಿ ಕಾವಲುಗಾರನಿಗೆ ಹಿಡಿಯುವ, ಹೊಡೆಯುವ, ಶಿಕ್ಷಿಸುವ ಅಧಿಕಾರವಿತ್ತು. ಇಂದಿನ ಕಾಯಿದೆಯು ಅದನ್ನು ಕಸಿದುಕೊಂಡಿತು ಎಂಬುದೇ ಆ ನಂಬಿಕೆ. ನನಗೆ ಕಂಡಮಟ್ಟಿಗೆ ಇದು ಸರಿಯಲ್ಲ. ಸ್ಮೃತಿಗಳನ್ನೂ ಶಾಸನಗಳನ್ನೂ ಒಟ್ಟಿಗಿಟ್ಟು ನೋಡಿದರೆ, ರಕ್ಷಣೆಯೂ ದಂಡನೆಯೂ ನಮ್ಮಲ್ಲಿ ಆದಿಯಿಂದಲೂ ಬೇರೆ ಬೇರೆಯಾಗಿಯೇ ಇದ್ದುವೆಂದೂ, ಕಾವಲುಗಾರನಿಗೆ ಮೊದಲನೆಯದು ಮಾತ್ರ ಸಂದಿತ್ತೆಂದೂ ಹೇಳಬೇಕಾಗುತ್ತದೆ. ಹಿಂದಿಗೂ ಇಂದಿಗೂ ಇರುವ ನಿಜವಾದ ಅಂತರವು ಅಧಿಕಾರದಲ್ಲಿ ಅಷ್ಟಾಗಿ ಇಲ್ಲ. ಅದು ಹೊಣೆಯಲ್ಲಿದೆ.

ಮೊದಲು ಧರ್ಮಶಾಸ್ತ್ರದ ಮಾತು. ಕೂಲಿಗಾಗಿ ಪರರ ಸ್ವತ್ತನ್ನು ಕಾಯುವವನ ವಿಚಾರವನ್ನು ಸ್ಮೃತಿಕಾರರು ಎಲ್ಲಿ ಮಾಡಿದ್ದಾರೆಂದು ಹುಡುಕುವವರು ಸಾಮಾನ್ಯವಾಗಿ ಸ್ತೇಯಪ್ರಕರಣವನ್ನು ತೆರೆಯುತ್ತಾರೆ. ಆದರೆ ಅದರ ಮೂಲವು ಸ್ವಾಮಿಪಾಲವಿವಾದವೆಂಬ ವ್ಯವಹಾರಪದದಲ್ಲಿದೆ. ಅಲ್ಲಿ ಪಾಲನೆಂದರೆ ದನಕಾಯುವವನೆಂಬುದು ನಿಜವೇ. ಆದರೂ ಒಬ್ಬನ ಸ್ವತ್ತನ್ನು ಇನ್ನೊಬ್ಬನು ವೇತನಕ್ಕಾಗಿ ಕಾಯುವ ಸಂಬಂಧವು ಅಲ್ಲಿಯೇ ಮೊದಲು ನ್ಯಾಯದ ರೂಪವನ್ನು ಪಡೆದಿರುವುದು. ಮನುವಿನ ಎಂಟನೆಯ ಅಧ್ಯಾಯದಲ್ಲಿ ಹಗಲಿನ ಹೊಣೆಯು ಪಾಲನದೆಂದೂ, ದನಗಳು ಒಡೆಯನ ಮನೆಯನ್ನು ಸೇರಿದ ಮೇಲೆ ರಾತ್ರಿಯ ಹೊಣೆಯು ಒಡೆಯನದೆಂದೂ ವಿಭಾಗಿಸಿದೆ. ಪಾಲನ ಅಲಕ್ಷ್ಯದಿಂದ ಕಳೆದುದನ್ನು ಅವನೇ ತುಂಬಿಕೊಡಬೇಕು. ಆದರೆ ಕಳ್ಳರು ಬಲಾತ್ಕಾರದಿಂದ ಒಯ್ದಾಗ ಅವನು ಕೂಗಿ ಸಾರಿ, ತಕ್ಕ ಸ್ಥಳದಲ್ಲಿ ತಕ್ಕ ಕಾಲದಲ್ಲಿ ಒಡೆಯನಿಗೆ ತಿಳಿಸಿದನಾದರೆ ಏನನ್ನೂ ಕೊಡಬೇಕಾದುದಿಲ್ಲ. ಯಾಜ್ಞವಲ್ಕ್ಯನು ಇದೇ ಅರ್ಥವನ್ನು ಹೇಳುವಾಗ ಗೋಪನಿಗೆ 'ಕೃತವೇತನ' ಎಂಬ ವಿಶೇಷಣವನ್ನು ಸೇರಿಸಿರುವನು. ಸಂಬಳವು ಗೊತ್ತಾಗಿರುವವನಿಗೇ ಹೊಣೆ ಎಂಬ ಸೂಕ್ಷ್ಮವು ಈ ಒಂದು ಪದದಲ್ಲಿ ಅಡಗಿದೆ.

ಈ ಪ್ರಕರಣದಲ್ಲಿ ಕಾವಲುಗಾರನ ಕರ್ತವ್ಯಗಳು ಯಾವುವೆಂದು ವಾಚಕರು ಗಮನಿಸಬೇಕು. ಕೂಗುವುದು, ಸಾರುವುದು, ತಿಳಿಸುವುದು. ಕಳ್ಳನನ್ನು ಕೊಲ್ಲಲಿಲ್ಲವೆಂದಾಗಲಿ ಬಂಧಿಸಿಡಲಿಲ್ಲವೆಂದಾಗಲಿ ಅವನನ್ನು ದೂಷಿಸಿಲ್ಲ.

ಸ್ತೇಯಪ್ರಕರಣಕ್ಕೆ ಬಂದರೆ ಹೊಣೆಯು ಇನ್ನೂ ವಿಸ್ತಾರವಾಗುತ್ತದೆ. ಆಪಸ್ತಂಬಧರ್ಮಸೂತ್ರದ ಪ್ರಕಾರ ನಗರದ ಸುತ್ತ ಒಂದು ಯೋಜನ, ಗ್ರಾಮದ ಸುತ್ತ ಒಂದು ಕ್ರೋಶದವರೆಗೆ ರಕ್ಷಕರು ಕಳ್ಳರಿಂದ ಕಾಯಬೇಕು. ಆ ಮೇರೆಯೊಳಗೆ ಕಳವಾದುದನ್ನು ಅವರಿಂದಲೇ ಕೊಡಿಸಬೇಕು. ಯಾಜ್ಞವಲ್ಕ್ಯನು ಹೆಜ್ಜೆಯ ಜಾಡನ್ನು ಪ್ರಮಾಣವಾಗಿ ಹಿಡಿಯುತ್ತಾನೆ. ಜಾಡು ಊರಿನಿಂದ ಹೊರಬೀಳದಿದ್ದರೆ ಗ್ರಾಮಾಧಿಪನ ದೋಷ, ಹುಲ್ಲುಗಾವಲಿನಲ್ಲಿ ಕಳವಾದರೆ ಅದರ ಒಡೆಯನ ದೋಷ, ಅವೆರಡೂ ಅಲ್ಲದ ಕಡೆಯಲ್ಲಿ ಚೋರೋದ್ಧರ್ತೃವಿನ, ಎಂದರೆ ಕಳ್ಳರನ್ನು ಹಿಡಿಯಲು ನೇಮಕವಾದವನ ದೋಷ. ಇವನ ಸ್ಮೃತಿಗೆ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (ಕ್ರಿ. ಶ. 1076-1126) ಆಳ್ವಿಕೆಯಲ್ಲಿ ಕಲ್ಯಾಣದಲ್ಲಿದ್ದವನಾದುದರಿಂದ, ಮಿತಾಕ್ಷರೆಯು ನಮ್ಮ ನಾಡಿನ ನ್ಯಾಯವೆಂದು ಹೇಳಲು ಸಂಕೋಚಪಡಬೇಕಾಗಿಲ್ಲ.

ಆಯುಧವನ್ನು ಎಲ್ಲಿಯವರೆಗೆ ಬಳಸಬಹುದು ಎಂಬ ಪ್ರಶ್ನೆಗೂ ವಿಜ್ಞಾನೇಶ್ವರನಲ್ಲಿಯೇ ಉತ್ತರವುಂಟು. ಮನುವು ಆತತಾಯಿಯನ್ನು, ಅವನು ಯಾರೇ ಆಗಿರಲಿ, ವಿಚಾರಿಸದೆ ಕೊಲ್ಲಬಹುದೆಂಬಂತೆ ಹೇಳಿರುವ ಮಾತನ್ನು ನಮ್ಮ ಅನೇಕರು ಕಂಠಪಾಠವಾಗಿ ಬಲ್ಲರು. ಅಷ್ಟರಿಂದಲೇ ತೃಪ್ತರಾಗಿ ಮುಂದೆ ಓದದಿರುವುದೂ ವಾಡಿಕೆಯೇ. ಮಿತಾಕ್ಷರಾಕಾರನು ಅರ್ಥಶಾಸ್ತ್ರಕ್ಕೂ ಧರ್ಮಶಾಸ್ತ್ರಕ್ಕೂ ವಿರೋಧ ಬಂದಾಗ ಯಾವುದು ಪ್ರಬಲವೆಂಬುದನ್ನು ವಿಚಾರಿಸುವ ಸಂದರ್ಭದಲ್ಲಿ ಈ ಮಾತನ್ನೇ ಎತ್ತಿಕೊಂಡು, ಕೊಲ್ಲಬೇಕೆಂಬ ವಿಧಿ ಅದರಲ್ಲಿಲ್ಲವೆಂದು ಸಾಧಿಸಿ, ತನ್ನನ್ನು ರಕ್ಷಿಸಿಕೊಳ್ಳಲೆಂದು ತಡೆಯುವಾಗ ಪ್ರಮಾದದಿಂದ ಬ್ರಾಹ್ಮಣಾದಿಗಳಾದ ಆತತಾಯಿಗಳು ಸತ್ತರೆ ಪ್ರಾಯಶ್ಚಿತ್ತವು ಅಲ್ಪವೆಂದೂ ರಾಜದಂಡವಿಲ್ಲವೆಂದೂ ನಿರ್ಣಯಿಸುತ್ತಾನೆ. ಅಲ್ಪವಾದರೂ ಪ್ರಾಯಶ್ಚಿತ್ತವುಂಟು ಎಂಬುದು ಗಮನಾರ್ಹ. ತಡೆಯುವುದೇ ಉದ್ದೇಶವಾಗಿರಬೇಕು, ಸಾವು ಅದರಿಂದ ಅಕಸ್ಮಾತ್ತಾಗಿ ಒದಗಿದ್ದಾಗಿರಬೇಕು.

ಕೌಟಿಲ್ಯನ ಗ್ರಂಥವು 1909ರಲ್ಲಿ ಮೈಸೂರಿನಲ್ಲಿ ಶಾಮಶಾಸ್ತ್ರಿಗಳಿಂದ ಮುದ್ರಣವನ್ನು ಕಂಡಿತೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಅದರ ನಾಗರಿಕಪ್ರಣಿಧಿಯಲ್ಲಿ ರಾತ್ರಿಯ ರಕ್ಷಿಗಳಿಗೆ ಎರಡು ಬಗೆಯ ತಪ್ಪನ್ನು ಹೇಳಿದೆ. ತಡೆಯಬೇಕಾದವನನ್ನು ತಡೆಯದಿರುವುದು ಒಂದು. ತಡೆಯಬಾರದವನನ್ನು ತಡೆಯುವುದು ಮತ್ತೊಂದು. ಎರಡಕ್ಕೂ ದಂಡವು ಸಮಾನ. ಇವರು ರಾಜನ ಆಳುಗಳು, ಖಾಸಗಿಯವರಲ್ಲ ಎಂಬ ಆಕ್ಷೇಪಣೆಯನ್ನು ಒಪ್ಪತಕ್ಕದ್ದೇ. ರಾಜನ ಆಳುಗಳಿಗೇ ಈ ಕಟ್ಟು ಇದ್ದ ಮೇಲೆ ವ್ಯಾಪಾರಿಯ ಆಳಿಗೆ ಅದಕ್ಕಿಂತ ಸಡಿಲವಾದ ಕಟ್ಟು ಇದ್ದಿತೆಂದು ಊಹಿಸಲು ಆಧಾರವಿಲ್ಲ.

ಗ್ರಂಥಗಳ ಮಾತು ಹಾಗಿರಲಿ, ನಾಡಿನಲ್ಲಿ ನಡೆದುದೇನು? ಬನಶಂಕರಿಯಿಂದ ಬಹುದೂರವಿಲ್ಲದ, ಹುನಗುಂದದ ನಾಡಿಗೆ ಸೇರಿದ ಐಹೊಳೆಯು ಈ ಪ್ರಶ್ನೆಗೆ ಮುಖ್ಯವಾದ ಸ್ಥಳ. ದೇವಾಲಯಗಳ ಊರೆಂದು ಅದನ್ನು ನೋಡಲು ಬರುವವರು, ಅದೇ ಊರು ದಕ್ಷಿಣಾಪಥದ ಅತಿದೊಡ್ಡ ವರ್ತಕಸಂಘಕ್ಕೆ ಹೆಸರು ಕೊಟ್ಟಿತೆಂಬುದನ್ನು ಮರೆಯುತ್ತಾರೆ. ಅಯ್ಯಾವೊಳೆಯ ಐನೂರ್ವರು ತಮ್ಮ ಪ್ರಶಸ್ತಿಗಳಲ್ಲಿ ವೀರಬಣಂಜುಧರ್ಮದ ಪ್ರತಿಪಾಲಕರೆಂದು ಹೇಳಿಕೊಳ್ಳುತ್ತಾರೆ. 18 ಪಟ್ಟಣ, 32 ವೇಳಾಪುರ, 64 ಘಟಿಕಾಸ್ಥಾನಗಳನ್ನು ಎಣಿಸುತ್ತಾರೆ. ಕತ್ತೆ, ಎತ್ತು, ಕೋಣಗಳ ಮೇಲೆ ಸರಕನ್ನು ಹೇರಿಕೊಂಡು ಕಾಡುದಾರಿಗಳಲ್ಲಿ ತಿಂಗಳುಗಟ್ಟಲೆ ನಡೆಯುವವರು ಆಯುಧಧಾರಿಗಳಾದ ಬೆಂಗಾವಲಿನವರನ್ನು ತಮ್ಮ ಖರ್ಚಿನಿಂದಲೇ ಇಟ್ಟುಕೊಳ್ಳಬೇಕಾಗಿತ್ತು. ತಮಿಳು ಶಾಸನಗಳಲ್ಲಿ ಇಂಥವರಿಗೆ ಎಱಿವೀರರೆಂದು ಹೆಸರು. ಅವರ ರಕ್ಷಣೆಯಲ್ಲಿದ್ದ ವ್ಯಾಪಾರಸ್ಥಳಗಳು ಎಱಿವೀರಪಟ್ಟಣ ಅಥವಾ ವೀರಪಟ್ಟಣಗಳೆನಿಸಿದುವು. ಖಾಸಗಿಯಾದ ರಕ್ಷಣೆಗೆ ದಕ್ಷಿಣದೇಶದಲ್ಲಿ ಇದಕ್ಕಿಂತ ಸ್ಪಷ್ಟವಾದ ಪ್ರಾಚೀನ ಉದಾಹರಣೆಯು ನನಗೆ ತಿಳಿಯದು.

ಕೆಲವು ವಿದ್ವಾಂಸರು ಈ ಸಂಘವನ್ನು ರಾಜ್ಯದೊಳಗಣ ಇನ್ನೊಂದು ರಾಜ್ಯವೆಂಬಂತೆ ವರ್ಣಿಸುವುದುಂಟು. ಪ್ರಶಸ್ತಿಯ ಅತಿಶಯೋಕ್ತಿಯನ್ನು ಯಥಾರ್ಥವೆಂದು ಹಿಡಿದರೆ ಹಾಗೆ ತೋರುವುದು ಸಹಜವೇ. ಆದರೆ ಮದರಾಸಿನ ಸಮೀಪದ ಕಾಟ್ಟೂರಿನಲ್ಲಿ ದೊರೆತ ಚೋಳರ ಕಾಲದ ಒಂದು ಶಾಸನವು ಬೇರೊಂದು ಚಿತ್ರವನ್ನು ಕೊಡುತ್ತದೆ. ಸಮಯದವರು ಮಯಿಲಾಪುರದಲ್ಲಿ ಸಭೆಸೇರಿ, ಅಯ್ಯಪುೞಲ್ ಎಂಬ ಹೆಸರಿದ್ದ ಈ ಊರನ್ನು ವೀರಪಟ್ಟಣವನ್ನಾಗಿ ಮಾಡಿದರು. ಅಲ್ಲಿಯ ನಿವಾಸಿಗಳಿಗೆ ಸಂಘದ ವಂತಿಗೆಗಳಿಂದ ವಿನಾಯಿತಿಯನ್ನು ಕೊಟ್ಟರು. ಅದರೊಡನೆ ಮತ್ತೊಂದು ತೀರ್ಮಾನವೂ ಆಯಿತು. ಹಿರಿದ ಕತ್ತಿಯಿಂದ ಬೆದರಿಸಿ ಅಥವಾ ಜನರನ್ನು ಹಿಡಿದು ಸುಂಕವನ್ನು ಕೇಳುವವರೂ, ನಿಷ್ಕಾರಣವಾಗಿ ಜನರ ಅನ್ನವನ್ನು ಕಿತ್ತು ಪೀಡಿಸುವವರೂ ಆ ಊರಿನಲ್ಲಿ ವಾಸಿಸಕೂಡದು. ಇದನ್ನು ಮೀರಿದವರು ಸಮಯಕ್ಕೆ ಹೊರಗಾದವರು. ಮೂಲದ ಕೆಲವು ಮಾತುಗಳ ಅರ್ಥವು ಸಂದೇಹಗ್ರಸ್ತವೆಂದು ಶಾಸನವನ್ನು ಓದಿದವರೇ ಒಪ್ಪಿದ್ದಾರೆ. ಆದರೂ ಒಟ್ಟಿನ ತಾತ್ಪರ್ಯವು ತಪ್ಪುವಂತಿಲ್ಲ.

ಈ ತೀರ್ಮಾನವನ್ನು ಮಾಡಿದವರು ಯಾರೆಂಬುದನ್ನು ನೋಡಬೇಕು. ಅರಸನಲ್ಲ, ಕತ್ತಿ ಹಿಡಿದವರಿಗೆ ಸಂಬಳ ಕೊಡುತ್ತಿದ್ದ ವರ್ತಕರೇ. ಕಾವಲಿಗೆಂದು ಕೊಟ್ಟ ಕತ್ತಿಯು ವಸೂಲಿಗೆ ತಿರುಗುವುದನ್ನು ಅವರು ಕಣ್ಣಾರೆ ಕಂಡಿರಬೇಕು. ಇಲ್ಲದಿದ್ದರೆ ಇಷ್ಟು ನಿರ್ದಿಷ್ಟವಾದ ನಿಷೇಧಕ್ಕೆ ಅವಕಾಶವೇ ಇರಲಿಲ್ಲ. ಅವರು ವಿಧಿಸಿದ ಶಿಕ್ಷೆಯೂ ವಿಚಾರಾರ್ಹವಾದುದು. ಬಹಿಷ್ಕಾರವೊಂದೇ ಅವರ ಕೈಯಲ್ಲಿದ್ದುದು. ಸಂಘವು ತನ್ನವರನ್ನು ಹೊರಹಾಕಬಲ್ಲುದು, ಅಷ್ಟೆ.

ದಂಡದ ಅಧಿಕಾರವು ಇಂಥ ಸಂಘಗಳಿಗೆ ಎಂದೂ ಇರಲಿಲ್ಲವೆಂದು ಇದರಿಂದ ಸಾಧಿಸಿದರೆ ಅದು ಅತಿವ್ಯಾಪ್ತಿಯಾದೀತು. ಲಕ್ಷ್ಮೇಶ್ವರದ ಕಂಬದ ಶಾಸನವು ಇದಕ್ಕೆ ಪ್ರತ್ಯುದಾಹರಣೆಯಂತೆ ಕಾಣುತ್ತದೆ. ಬಾದಾಮಿಯ ಚಾಲುಕ್ಯ ವಿಜಯಾದಿತ್ಯನ ಮಗನಾದ ವಿಕ್ರಮಾದಿತ್ಯನು ಯುವರಾಜನಾಗಿದ್ದಾಗ, ಸುಮಾರು ಕ್ರಿ. ಶ. 725ರಲ್ಲಿ, ಪುಲಿಗೆರೆಯ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ ಆಚಾರವ್ಯವಸ್ಥೆಯು ಅದರಲ್ಲಿದೆ. ರಾಜಪುರುಷರು ಊರವರೊಡನೆ ಹೇಗೆ ನಡೆದುಕೊಳ್ಳಬೇಕು, ವಾಸವಿಲ್ಲದ ಮನೆಗಳನ್ನು ಹೇಗೆ ಕಾಯಬೇಕು ಎಂಬುದನ್ನು ಹೇಳಿ, ಕಳವು ಮೊದಲಾದ ಅಪರಾಧಗಳ ದಂಡದ ಹಣವು ಅಲ್ಲಿಯ ಶ್ರೇಣಿಗೆ ಸಲ್ಲಬೇಕೆಂದು ವಿಧಿಸಿದೆ. ಇಲ್ಲಿ ಶ್ರೇಣಿಗೆ ದಂಡದ ಫಲವುಂಟು. ಆದರೆ ಅದು ಬಂದುದು ಕತ್ತಿಯ ಬಲದಿಂದಲ್ಲ, ಯುವರಾಜನು ಕೊಟ್ಟ ಕಟ್ಟಳೆಯಿಂದ. ಯಾರು ಕೊಡಬಲ್ಲರೋ ಅವರು ಅದನ್ನು ಹಿಂತೆಗೆದುಕೊಳ್ಳಲೂ ಬಲ್ಲರು. ಆದುದರಿಂದ ಈ ಶಾಸನವು ನನ್ನ ಪಕ್ಷಕ್ಕೆ ಬಾಧಕವಾಗದೆ ಪೋಷಕವೇ ಆಗುತ್ತದೆ.

ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನನ್ನೂ ಈ ಸಾಲಿಗೆ ಸೇರಿಸಬೇಕೆಂದು ಶಿಷ್ಯರೊಬ್ಬರು ನನಗೆ ಸೂಚಿಸಿದ್ದರು. ಅವನ ಪರಾಕ್ರಮವನ್ನೂ ಸ್ವಭಾವವನ್ನೂ ಹೇಳುವ ಆ ಶಾಸನದಲ್ಲಿ ಅವನು ಯಾರ ಕಾವಲಿನಲ್ಲಿದ್ದನೆಂಬುದಕ್ಕೆ ಒಂದಕ್ಷರವೂ ಇಲ್ಲ. ಆಸೆಯಿಂದ ಆಧಾರವನ್ನು ಸೃಷ್ಟಿಸಬಾರದು.

ಊರ ಕಾವಲಿಗೆ ಬರೋಣ. ತಳಾಱ, ತಳವಾಱ ಎಂಬ ಪದಗಳು ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ ಬಹುವಾಗಿ ಬರುತ್ತವೆ. ವಡ್ಡಾರಾಧನೆಯ ವಿದ್ಯುಚ್ಚೋರನ ಕಥೆಯಲ್ಲಿ ಅರಸನ ಹಾರವು ಕಳವಾದಾಗ ಕಳ್ಳನನ್ನು ಹಿಡಿದು ತರದಿದ್ದರೆ ತಳಾಱನೇ ಶಿಕ್ಷೆಗೆ ಗುರಿಯಾಗುವ ಪ್ರಸಂಗವುಂಟು. ಇದು ಕಥೆಯೆಂದು ತಳ್ಳಿಹಾಕುವಂತಿಲ್ಲ. ಹದಿನಾರನೆಯ ಶತಮಾನದಲ್ಲಿ ವಿಜಯನಗರದ ವೃತ್ತಾಂತವನ್ನು ಬರೆದ ಪೋರ್ಚುಗೀಸ್ ವರ್ತಕ ನೂನಿಜನು, ರಾಜಧಾನಿಯ ಕಳವುಗಳಿಗೆ ಅಲ್ಲಿಯ ಮುಖ್ಯ ರಕ್ಷಣಾಧಿಕಾರಿಯು ಉತ್ತರವಾದಿಯೆಂದೂ, ಆ ಕಾರಣದಿಂದಲೇ ಅಲ್ಲಿ ಕಳವು ಬಹು ಕಡಮೆಯೆಂದೂ ಹೇಳಿದ್ದಾನೆ. ಕಳ್ಳನು ಊರಿನಲ್ಲಿದ್ದಾನೆಯೇ ಇಲ್ಲವೇ ಎಂಬುದನ್ನು ಮಂತ್ರವಾದಿಗಳಿಂದ ತಿಳಿಯುತ್ತಿದ್ದರೆಂದೂ ಅವನು ಸೇರಿಸುತ್ತಾನೆ. ಹೊಣೆಯು ಅಷ್ಟು ಭಾರವಾಗಿದ್ದಾಗ ಮಂತ್ರವಾದಿಯನ್ನು ಹಿಡಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಹಳ್ಳಿಯ ತಳವಾರನು ಆಯಗಾರರಲ್ಲಿ ಒಬ್ಬನು. ಸುಗ್ಗಿಯಲ್ಲಿ ಕಣದಿಂದ ಅವನಿಗೆ ಆಯವು ಸಲ್ಲುತ್ತಿತ್ತು. ಇನಾಮು ಹೊಲವೂ ಇರುತ್ತಿತ್ತು. ಅವನನ್ನು ಖಾಸಗಿ ಕಾವಲುಗಾರನೆನ್ನಬೇಕೇ, ಸರ್ಕಾರದ ಚಾಕರನೆನ್ನಬೇಕೇ ಎಂದರೆ ಎರಡೂ ಪೂರ್ತಿಯಾಗಿ ಒಪ್ಪುವುದಿಲ್ಲ. ಊರು ಸಾಕಿದವನು, ಊರಿಗೆ ಉತ್ತರ ಹೇಳಬೇಕಾದವನು ಎಂಬಷ್ಟು ನಿಶ್ಚಯ. ಕಾವಲಿನಲ್ಲಿ ಬಿದ್ದವನಿಗೆ ನೆತ್ತರುಗೊಡಗೆಯೆಂದು ಭೂಮಿಯನ್ನು ಬಿಡುತ್ತಿದ್ದುದೂ, ತುರುಗೊಳ್ ಊರಳಿವುಗಳಲ್ಲಿ ಮಡಿದವರಿಗೆ ವೀರಗಲ್ಲನ್ನು ನಿಲ್ಲಿಸುತ್ತಿದ್ದುದೂ ಇದೇ ಸಂಬಂಧದ ಇನ್ನೊಂದು ಮುಖ. ನಷ್ಟವನ್ನು ಅವನ ಮೇಲೆ ಹೊರಿಸುತ್ತಿದ್ದ ಊರು ಅವನು ಸತ್ತರೆ ಮಕ್ಕಳನ್ನು ಸಾಕುವ ಭಾರವನ್ನೂ ಹೊತ್ತುಕೊಳ್ಳುತ್ತಿತ್ತು.

ಬ್ರಿಟಿಷರ ಆಳ್ವಿಕೆಯಲ್ಲಿ ಬಾದಾಮಿ ಹುನಗುಂದಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದುವಾದುದರಿಂದ, ಇಲ್ಲಿ ನಡೆದುದು 1867ರ ಮುಂಬಯಿ ಗ್ರಾಮ ಪೊಲೀಸ್ ಕಾಯಿದೆ. ಅದರಲ್ಲಿ ಸಣ್ಣಪುಟ್ಟ ಬೈಗಳು ಹೊಡೆದಾಟಗಳಿಗಾಗಿ ಒಬ್ಬನನ್ನು 24 ಘಂಟೆಗಳಿಗೆ ಮೀರದಂತೆ ಚಾವಡಿಯಲ್ಲಿ ಕೂಡಿಸುವ ಅಧಿಕಾರವು ಪೊಲೀಸ್ ಪಾಟೀಲನಿಗೆ ಇತ್ತು. ತಳವಾರ, ವಾಲೀಕಾರ, ಶೇತಸನದಿ ಇವರು ಅವನ ಕೈಕೆಳಗಿನವರು; ಕರೆತರುವವರು, ಕಾಯುವವರು. ಕಂಬಕ್ಕೆ ಕಟ್ಟುವ ಅಧಿಕಾರವು ತಳವಾರನಿಗೆ ಆ ಕಾಯಿದೆಯಲ್ಲಿ ಇರಲಿಲ್ಲ. ಕಟ್ಟುತ್ತಿರಲಿಲ್ಲವೇ ಎಂದರೆ ಕಟ್ಟುತ್ತಿದ್ದಿರಬಹುದು. ಜಾತ್ರೆಯಲ್ಲಿ ಮಾತನಾಡಿದ ವೃದ್ಧರು ಸುಳ್ಳಾಡಿದರೆಂದು ನಾನು ಹೇಳುವುದಿಲ್ಲ. ಆದರೆ ನಡೆಯುತ್ತಿದ್ದುದೆಲ್ಲವೂ ಅಧಿಕಾರವಲ್ಲ. ಆಚಾರಕ್ಕೂ ಅತ್ಯಾಚಾರಕ್ಕೂ ಇರುವ ಭೇದವನ್ನು ಇತಿಹಾಸಕಾರನು ಮರೆತರೆ ಸ್ಮೃತಿಯನ್ನು ಓದಿ ಫಲವಿಲ್ಲ.

ಕಾವಲುಗಾರನ ಕೈಯಿಂದ ಆಯುಧವು ಹೋದುದು ಮಾತ್ರ ಈ ಕಾಲದ ಹೊಸ ಸಂಗತಿ. 1857ರ ನಿಶ್ಶಸ್ತ್ರೀಕರಣದ ಕಾಯಿದೆಯು ಮುಧೋಳ ಸಂಸ್ಥಾನದ ಹಲಗಲಿಗೆ ಬಂದಾಗ ಅಲ್ಲಿಯ ಬೇಡರು ಆಯುಧಗಳನ್ನು ಒಪ್ಪಿಸಲು ನಿರಾಕರಿಸಿದರು. ಆ ವರ್ಷದ ನವೆಂಬರ್ ಕೊನೆಯಲ್ಲಿ ಸೈನ್ಯವು ಬಂದು ಊರನ್ನು ಸುಟ್ಟಿತು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಮಂದಿಯನ್ನೂ, 14ರಂದು ಹಲಗಲಿಯಲ್ಲಿ 6 ಮಂದಿಯನ್ನೂ ಗಲ್ಲಿಗೇರಿಸಿದರು. ಫ್ಲೀಟ್ ಸಾಹೇಬರು ಸಂಗ್ರಹಿಸಿ ಪ್ರಕಟಿಸಿದ ಲಾವಣಿಯ ಮೂಲಕ ಈ ವೃತ್ತಾಂತವು ವಿದ್ವಜ್ಜನರಿಗೆ ತಿಳಿದಿದೆ. ಅದನ್ನು ಸ್ವಾತಂತ್ರ್ಯಸಂಗ್ರಾಮದ ಅಧ್ಯಾಯವೆಂದು ಓದುವುದು ಯುಕ್ತವೇ. ಇದರೊಡನೆ ಇನ್ನೊಂದು ಅರ್ಥವನ್ನೂ ಕಾಣಬೇಕು. ಈ ಭಾಗದ ಹಳ್ಳಿಗಳಲ್ಲಿ ತಳವಾರಿಕೆ ವಾಲೀಕಾರಿಕೆಗಳನ್ನು ನಡೆಸುತ್ತಿದ್ದವರಲ್ಲಿ ಬೇಡರು ಅನೇಕರು. ಅವರಿಗೆ ಆಯುಧವೆಂದರೆ ಅಲಂಕಾರವಲ್ಲ, ವೃತ್ತಿಯ ಉಪಕರಣ. ಒಕ್ಕಲಿಗನಿಂದ ನೇಗಿಲನ್ನು ಕೇಳಿದಂತೆ ಅವರಿಗೆ ಅದು ತೋರಿರಬೇಕು. ಇಂದಿಗೂ ಕಾವಲುಗಾರನ ಬಂದೂಕು 1959ರ ಆಯುಧ ಕಾಯಿದೆಯ ಪರವಾನಿಗೆಗೆ ಅಧೀನವಾಗಿಯೇ ಇದೆ.

ವಂಶಪಾರಂಪರ್ಯದ ಗ್ರಾಮಾಧಿಕಾರಗಳು 1961ರ ಕಾಯಿದೆಯಿಂದ ರದ್ದಾದುವು. ತಳವಾರನೆಂಬುದು ಈಗ ಮನೆತನದ ಹೆಸರಾಗಿ ಉಳಿದಿದೆ. ಆ ಸ್ಥಾನಕ್ಕೆ ಬಂದ ಖಾಸಗಿ ಕಾವಲುಗಾರನ ಸ್ಥಿತಿಯನ್ನು ನಿರ್ಣಯಿಸುವುದು 2005ರ ಖಾಸಗಿ ಭದ್ರತಾ ಸಂಸ್ಥೆಗಳ ನಿಯಂತ್ರಣ ಕಾಯಿದೆ. ಸರ್ಕಾರಿ ನೌಕರನಲ್ಲದವನು ವ್ಯಕ್ತಿಗಾಗಲಿ ಸ್ವತ್ತಿಗಾಗಲಿ ಕೊಡುವ ರಕ್ಷಣೆಯೆಂಬುದೇ ಅಲ್ಲಿಯ ಲಕ್ಷಣವಾಕ್ಯದ ಸಾರ. ಈ ನಞ್ ಪ್ರಯೋಗವು ಮುಖ್ಯವಾದುದು. ಪರವಾನಿಗೆಯಿಲ್ಲದೆ ಯಾರೂ ಇಂಥ ಸಂಸ್ಥೆಯನ್ನು ನಡೆಸಕೂಡದು. ಕಾವಲಿಗೆ ಸೇರುವವನಿಗೆ 18 ವರ್ಷ ತುಂಬಿರಬೇಕು, 65 ಮುಟ್ಟಿರಬಾರದು, ನಡತೆಯ ಪರಿಶೀಲನೆಯಾಗಿರಬೇಕು. ಕೇಂದ್ರದ ಮಾದರಿ ನಿಯಮಗಳ ಪ್ರಕಾರ ಅವನಿಗೆ 100 ಘಂಟೆಗಳ ಪಾಠವೂ 60 ಘಂಟೆಗಳ ಪ್ರಯೋಗವೂ ಆಗತಕ್ಕದ್ದು. ಸೈನ್ಯದ ಅಥವಾ ಪೊಲೀಸರ ಉಡುಪನ್ನಾಗಲಿ ಅದರಂತೆ ತೋರುವ ಉಡುಪನ್ನಾಗಲಿ ಧರಿಸಿದರೆ ಅವನಿಗೂ ಅವನ ಸಂಸ್ಥೆಯ ಯಜಮಾನನಿಗೂ ಒಂದು ವರ್ಷದವರೆಗೆ ಸೆರೆ, ಅಥವಾ 5,000 ರೂಪಾಯಿಗಳವರೆಗೆ ಜುಲ್ಮಾನೆ, ಅಥವಾ ಎರಡೂ ಉಂಟು.

ಇಷ್ಟನ್ನು ಹೇಳಿದ ಕಾಯಿದೆಯು ಅವನಿಗೆ ಹಿಡಿಯುವ ಅಧಿಕಾರವನ್ನು ಎಲ್ಲಿ ಕೊಟ್ಟಿದೆ ಎಂದು ಹುಡುಕಿದರೆ, ಎಲ್ಲಿಯೂ ಕೊಟ್ಟಿಲ್ಲ. ಅವನಿಗಿರುವುದು ನನಗೂ ವಾಚಕರಿಗೂ ಇರುವ ಅಧಿಕಾರವೇ. 1898ರ ದಂಡಪ್ರಕ್ರಿಯಾ ಸಂಹಿತೆಯ 59ನೆಯ ಕಲಮು, 1973ರ ಸಂಹಿತೆಯ 43ನೆಯ ಕಲಮು ಎಂಬ ರೂಪಗಳನ್ನು ಹಾದು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೆಯ ಕಲಮಾಗಿ ಅದು ನಿಂತಿದೆ. ಯಾವನಾದರೂ ತನ್ನ ಸಮಕ್ಷದಲ್ಲಿ ಜಾಮೀನಿಲ್ಲದ, ಪೊಲೀಸರು ವಾರಂಟಿಲ್ಲದೆ ಹಿಡಿಯಬಹುದಾದ ಅಪರಾಧವನ್ನು ಮಾಡಿದರೆ, ಅಥವಾ ಘೋಷಿತ ಅಪರಾಧಿಯಾಗಿದ್ದರೆ, ಖಾಸಗಿ ಮನುಷ್ಯನು ಅವನನ್ನು ಹಿಡಿಯಬಹುದು. ಹಿಡಿದ ಮೇಲೆ ನಿರರ್ಥಕ ವಿಳಂಬವಿಲ್ಲದೆ ಪೊಲೀಸರಿಗೆ ಒಪ್ಪಿಸಬೇಕೆಂದು ಹಿಂದಿನ ಸಂಹಿತೆಗಳಲ್ಲಿತ್ತು. ಈಗ ಅದಕ್ಕೆ ಆರು ಘಂಟೆಗಳ ಅವಧಿಯನ್ನೂ ಗೊತ್ತುಮಾಡಿದೆ. ವಿಚಾರಿಸುವುದು, ಒಪ್ಪಿಸಿಕೊಳ್ಳುವುದು, ಕೂಡಿಡುವುದು ಇವು ಯಾವುವೂ ಅದರಲ್ಲಿ ಸೇರಿಲ್ಲ. ನ್ಯಾಯವಲ್ಲದ ರೀತಿಯಿಂದ ಒಬ್ಬನನ್ನು ಕೂಡಿಟ್ಟರೆ ಕೂಡಿಟ್ಟವನೇ ಭಾರತೀಯ ನ್ಯಾಯ ಸಂಹಿತೆಯ 127ನೆಯ ಕಲಮಿನ ಅಪರಾಧಿ. ಪರರ ಸ್ವತ್ತಿಗಾಗಿಯೂ ಖಾಸಗಿ ರಕ್ಷಣೆಯ ಹಕ್ಕು ಸಲ್ಲುವುದೆಂದು 1860ರ ದಂಡಸಂಹಿತೆಯು ಒಪ್ಪಿದ್ದುದು ಹೊಸ ಸಂಹಿತೆಯಲ್ಲಿಯೂ ಇದೆ. ಬೇಕಾದುದಕ್ಕಿಂತ ಹೆಚ್ಚು ನೋವನ್ನು ಮಾಡಕೂಡದು, ಅಧಿಕಾರಿಗಳನ್ನು ಆಶ್ರಯಿಸಲು ಸಮಯವಿದ್ದಾಗ ಹಕ್ಕೇ ಇಲ್ಲ ಎಂಬ ಮೇರೆಗಳೂ ಜೊತೆಗಿವೆ. ತಡೆಯುವುದೇ ಉದ್ದೇಶವಾಗಿರಬೇಕೆಂಬ ವಿಜ್ಞಾನೇಶ್ವರನ ಮಾತಿಗೂ ಇದಕ್ಕೂ ದೂರವೆಷ್ಟು?

ಬನಶಂಕರಿಯ ಕೊಡದ ವಿಚಾರಕ್ಕೆ ಇದನ್ನು ಹೊಂದಿಸಿ ನೋಡೋಣ. ಕಾವಲುಗಾರನು ಕಳವನ್ನು ಕಂಡವನಲ್ಲ; ಆದುದರಿಂದ 'ಸಮಕ್ಷ'ವೆಂಬ ಮೊದಲ ಅಂಗವೇ ಇಲ್ಲ. ಎರಡನೆಯದಾಗಿ, ಕೊಡದ ಬೆಲೆಯು ನಾಲ್ಕು ಸಾವಿರ ರೂಪಾಯಿಗಳಿಗೆ ಒಳಗಿನದು. 5,000 ರೂಪಾಯಿಗಳಿಗೆ ಕಡಮೆಯಾದ ಸ್ವತ್ತಿನ ಮೊದಲ ಕಳವಿಗೆ, ಸ್ವತ್ತು ಅಥವಾ ಬೆಲೆ ಹಿಂದಿರುಗಿದ ಪಕ್ಷದಲ್ಲಿ, ಸಮುದಾಯಸೇವೆಯೆಂಬ ಹೊಸ ಶಿಕ್ಷೆಯನ್ನು ನ್ಯಾಯ ಸಂಹಿತೆಯು ಇಟ್ಟಿದೆ. ಅಂಥ ಅಪರಾಧವು ಜಾಮೀನುಳ್ಳದ್ದು; ವಾರಂಟಿಲ್ಲದೆ ಪೊಲೀಸರೇ ಹಿಡಿಯುವಂತಿಲ್ಲ. ಆದರೆ ಸ್ವತ್ತನ್ನಿಡುವ ಡೇರೆಯೊಳಗಿನಿಂದ ಕದ್ದರೆ ಅದು ಬೇರೆ ಕಲಮಿನ ಗುರುತರವಾದ ಅಪರಾಧ. ಹೀಗೆ ಕೊಡವು ಡೇರೆಯ ಒಳಗಿತ್ತೋ ಹೊರಗಿನ ಗಳುವಿಗೆ ತೂಗುಬಿದ್ದಿತ್ತೋ ಎಂಬುದರ ಮೇಲೆ ಹಿಡಿಯುವ ಅಧಿಕಾರವು ನಿಲ್ಲುತ್ತದೆ. ಹಗಲೋ ರಾತ್ರಿಯೋ, ಮನೆಯೊಳಗೋ ಹೊರಗೋ ಎಂದು ವಿಭಾಗಿಸಿದ ಸ್ಮೃತಿಕಾರರು ಇದನ್ನು ಕಂಡಿದ್ದರೆ ಸಂತೋಷಪಡುತ್ತಿದ್ದರು. ಜಾತ್ರೆಯ ಗದ್ದಲದಲ್ಲಿ ನಿಂತ ಕಾವಲುಗಾರನಿಂದ ಈ ಸೂಕ್ಷ್ಮವನ್ನು ಅಪೇಕ್ಷಿಸುವುದು ಎಷ್ಟುಮಟ್ಟಿಗೆ ನ್ಯಾಯವೆಂಬುದು ಬೇರೆ ಮಾತು.

ಆ ಸಂಜೆ ನಾವು ಪೊಲೀಸರನ್ನು ಕರೆಸೋಣವೆಂದ ಮೇಲೆ ತರುಣನನ್ನು ಬಿಟ್ಟುಬಿಟ್ಟರು. ಕಾವಲುಗಾರನೊಡನೆ ನಾನು ಸ್ವಲ್ಪ ಹೊತ್ತು ನಿಂತು ಮಾತನಾಡಿದೆನು. ಇಷ್ಟು ಕಠಿನವಾಗಿ ಏಕೆ ನಡೆದುಕೊಂಡೆಯಪ್ಪಾ ಎಂದುದಕ್ಕೆ ಅವನು, "ಕೊಡ ಸಿಗಲಿಲ್ಲಂದ್ರ ನನ್ನ ಪಗಾರದಾಗ ಮುರೀತಾರ್ರಿ" ಎಂದನು. ಅಷ್ಟು ಹೊತ್ತು ನಾನು ಅವನನ್ನು ಅಧಿಕಾರದ ಮದವುಳ್ಳವನೆಂದು ಭಾವಿಸಿದ್ದೆನು. ಅವನು ಹೆದರಿದವನಾಗಿದ್ದನು.

ಚೋರೋದ್ಧರ್ತೃವಿನ ಹೊಣೆಯು ಹೀಗೆ ಇಂದಿಗೂ ಬದುಕಿದೆ. ನೌಕರನ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿದ ಸರಕು ಅವನ ಅಲಕ್ಷ್ಯದಿಂದಲೇ ನಷ್ಟವಾದರೆ ಅದನ್ನು ಸಂಬಳದಲ್ಲಿ ಮುರಿಯಬಹುದೆಂದು 1936ರ ವೇತನಪಾವತಿ ಕಾಯಿದೆಯಲ್ಲಿತ್ತು. 2019ರ ವೇತನ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಆದರೆ ಮುರಿಯುವ ಮೊದಲು, ಏಕೆ ಮುರಿಯಬಾರದೆಂಬುದಕ್ಕೆ ಕಾರಣವನ್ನು ಹೇಳಲು ಅವನಿಗೆ ಅವಕಾಶ ಕೊಡಲೇಬೇಕು. ಕೂಗಿ ಸಾರಿದ ಪಾಲನು ಕೊಡಬೇಕಾದುದಿಲ್ಲವೆಂಬ ಮನುವಿನ ವಾಕ್ಯದ ಜಾಗದಲ್ಲಿ ಈ ಅವಕಾಶವು ನಿಂತಿದೆಯೆಂದು ನನ್ನ ಮತ. ಹಿಂದೆ ಹೊಣೆಯೊಡನೆ ಆಯವೂ ಇನಾಮೂ ನೆತ್ತರುಗೊಡಗೆಯೂ ಇದ್ದುವು. ಇಂದು ಅವು ಹೋಗಿ, ಉಳಿದಿರುವುದು ಈ ಒಂದು ಪ್ರಶ್ನೆ ಕೇಳಿಸಿಕೊಳ್ಳುವ ಹಕ್ಕು.

ಈ ಸಾಲಿನ ಬನದ ಹುಣ್ಣಿಮೆಗೆ ಹೋದಾಗ ಅದೇ ಸಾಲಿನಲ್ಲಿ ಅವನೇ ಕಾವಲಿಗಿದ್ದನು. ಕೊಡದ ಬೆಲೆಯನ್ನು ಎರಡು ತಿಂಗಳಲ್ಲಿ ಮುರಿದುಕೊಂಡರೆಂದು ಹೇಳಿದನು. ಮುರಿಯುವ ಮೊದಲು ನಿನ್ನನ್ನು ಏನಾದರೂ ಕೇಳಿದರೇ ಎಂದೆನು. "ಕೇಳೋದು ಅಂತ ಇರ್ತೈತೇನ್ರೀ?" ಎಂದು ಅವನೇ ನನ್ನನ್ನು ಕೇಳಿದನು.